ಯಾವ ಕಡಸನ್ನು ಉಳಿಸಿಕೊಳ್ಳಬೇಕು? ಡಾಕ್ಟರ್ ಮೇಡಂಗೆ ಕೇಳಿ

ನಿರ್ವಾಹಕ: ಈ ವಾರ ಪಶುವೈದ್ಯೆ ಮೇಡಂ ನಮ್ಮ ಗುಂಪಿನಲ್ಲಿ ಇರುತ್ತಾರೆ. ವಿಷಯ ಒಂದೇ. ಮಾಂಸದ ತಳಿಯ ಹಿಂಡಿನಲ್ಲಿ ವಯಸ್ಸಾದ ಹಸುಗಳ ಜಾಗಕ್ಕೆ ನಮ್ಮಲ್ಲೇ ಹುಟ್ಟಿದ ಕಡಸುಗಳನ್ನು ಆರಿಸುವುದು ಹೇಗೆ? ಇದು ಹಾಲು ಕರೆಯುವ ಹಿಂಡಲ್ಲ, ಕರುವೇ ಕುಡಿಯುವ ಹಿಂಡು. ಕೇಳಿದ್ದನ್ನೇ ಮತ್ತೆ ಕೇಳಬೇಡಿ. ಫಾರ್ವರ್ಡ್ ಹಾಕಬೇಡಿ.

ಹಟ್ಟಿಹೈದ: ನಮಸ್ಕಾರ ಮೇಡಂ. 14 ಕಡಸು ಇವೆ, 5 ಬೇಕು. ಎಲ್ಲಕ್ಕಿಂತ ದೊಡ್ಡದಾಗಿ ಬೆಳೆದ ಐದನ್ನು ಇಟ್ಟುಕೊಂಡರೆ ಸರಿ ಅಲ್ವಾ?

ಡಾಕ್ಟರ್: ನಮಸ್ಕಾರ. ಸರಿಯಲ್ಲ. ದೊಡ್ಡ ಕಡಸು ಮುಂದೆ ದೊಡ್ಡ ಹಸುವಾಗುತ್ತದೆ. ದೊಡ್ಡ ಹಸು ವರ್ಷವಿಡೀ ಜಾಸ್ತಿ ತಿನ್ನುತ್ತದೆ. ತಿಂದಷ್ಟಕ್ಕೆ ತಕ್ಕ ಕರು ಕೊಡುತ್ತದೆ ಅನ್ನುವ ಖಾತ್ರಿ ಇಲ್ಲ. ತೀರಾ ದೊಡ್ಡದು, ತೀರಾ ಚಿಕ್ಕದು ಎರಡನ್ನೂ ಬಿಡಿ. ನಡುವಿನವುಗಳಲ್ಲಿ ಹುಡುಕಿ.

ಅದಕ್ಕೂ ಮೊದಲು ತಾಯಿಯನ್ನು ನೋಡಿ. ವರ್ಷಕ್ಕೊಂದು ಕರು ಕೊಟ್ಟಿದೆಯಾ? ಯಾರೂ ಕೈ ಹಾಕದೆ ಈದಿದೆಯಾ? ಕೆಚ್ಚಲು ಜೋತುಬಿದ್ದಿದೆಯಾ? ಗೊರಸು ಹೇಗಿದೆ? ಕರುವಿನ ಹತ್ತಿರ ಹೋದರೆ ಹಾಯಲು ಬರುತ್ತದಾ? ಹಾಯುವ ಹಸುವಿನ ಮಗಳೂ ಹಾಯುವುದನ್ನು ಸಾಕಷ್ಟು ನೋಡಿದ್ದೇನೆ. ನನ್ನ ಪಕ್ಕೆಲುಬೂ ನೋಡಿದೆ.

ಆಮೇಲೆ ಹುಟ್ಟಿದ ದಿನ ನೋಡಿ. ಈಯುವ ಕಾಲದಲ್ಲಿ ಮೊದಮೊದಲು ಹುಟ್ಟಿದ ಕಡಸುಗಳು ಹೋರಿ ಬಿಡುವ ಹೊತ್ತಿಗೆ ಬಲಿತಿರುತ್ತವೆ. ಅವುಗಳ ತಾಯಂದಿರೂ ಬೇಗ ಗಬ್ಬ ಕಟ್ಟಿದ್ದವು ಅಂತ ಅರ್ಥ. 5 ಬೇಕಾದರೆ 7 ಅಥವಾ 8 ಉಳಿಸಿ. ಗಬ್ಬ ಕಟ್ಟದವು ತಾವಾಗಿಯೇ ಹೊರಗೆ ಬೀಳುತ್ತವೆ.

ಹೊಸಕೊಟ್ಟಿಗೆ: ಯಾವ ವಯಸ್ಸಿಗೆ ಹೋರಿ ಕೊಡಿಸಬೇಕು ಮೇಡಂ?

ಡಾಕ್ಟರ್: ವಯಸ್ಸಿಗಿಂತ ತೂಕ ಮುಖ್ಯ. ನಿಮ್ಮ ಬೆಳೆದ ಹಸುವಿನ ತೂಕದಲ್ಲಿ ಶೇ. 60ರಿಂದ 65 ಬಂದಿರಬೇಕು. ಹಸು 500 ಕಿಲೋ ಇದ್ದರೆ ಕಡಸು 300ರಿಂದ 325. ಚೆನ್ನಾಗಿ ಬೆಳೆದರೆ 14–15 ತಿಂಗಳಿಗೆ ಅಷ್ಟಾಗುತ್ತದೆ. ಈಯುವ ಹೊತ್ತಿಗೆ ಶೇ. 85 ಮುಟ್ಟಬೇಕು.

ತಕ್ಕಡಿ ಇಲ್ಲದವರು ಟೇಪ್ ಹಿಡಿಯಿರಿ. ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಎಷ್ಟು ಇಂಚು, ಭುಜದ ಮೂಳೆಯ ತುದಿಯಿಂದ ಹಿಂದೆ ಬಾಲದ ಪಕ್ಕದ ಮೂಳೆಯವರೆಗೆ ಉದ್ದ ಎಷ್ಟು ಇಂಚು ನೋಡಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿ. ಸುಮಾರು ಕಿಲೋ ಸಿಗುತ್ತದೆ.

ಕ್ಯಾನ್‌ತುಂಬ: ನಾನು ಹಾಲಿನ ಹಸು ಸಾಕಿದವನು. ತಾಯಿಗೆ ದೊಡ್ಡ ಕೆಚ್ಚಲು ಇದ್ದರೆ ಕಣ್ಣು ಮುಚ್ಚಿಕೊಂಡು ಆ ಕಡಸನ್ನು ಇಟ್ಟುಕೊಳ್ಳಿ.

ಹಟ್ಟಿಹೈದ: ಅಣ್ಣ, ಇಲ್ಲಿ ಕರೆಯುವವರು ಯಾರೂ ಇಲ್ಲ. ಮೊಲೆ ಬಾಟಲಿಯಷ್ಟು ದಪ್ಪ ಇದ್ದರೆ ಹುಟ್ಟಿದ ಕರು ಬಾಯಿ ಹಾಕುವುದಾದರೂ ಹೇಗೆ?

ಕ್ಯಾನ್‌ತುಂಬ: ಹಾಲು ಕಮ್ಮಿ ಇದ್ದರೆ ಕರು ಬೆಳೆಯುವುದು ಗಾಳಿ ಕುಡಿದಾ?

ಡಾಕ್ಟರ್: ಇಬ್ಬರೂ ಸ್ವಲ್ಪ ತಡೆಯಿರಿ. ಕರುವಿಗೆ ಸಾಕಾಗುವಷ್ಟು ಹಾಲು ಬೇಕು. ಕೆಚ್ಚಲು ಹೊಟ್ಟೆಗೆ ಅಂಟಿಕೊಂಡಂತೆ ಬಿಗಿಯಾಗಿರಬೇಕು, ಮೊಲೆ ಕರುವಿನ ಬಾಯಿಗೆ ಹಿಡಿಯುವಂತಿರಬೇಕು. ಹಾಲು ಜಾಸ್ತಿಯಾದಷ್ಟೂ ಹಸುವಿಗೆ ಮೇವೂ ಜಾಸ್ತಿ ಬೇಕು. ಮೇವು ಸಾಲದಿದ್ದರೆ ಸೊರಗುತ್ತದೆ, ಮುಂದಿನ ಬೆದೆ ತಡವಾಗುತ್ತದೆ.

ನೇಸರ: ಮೇಡಂ, ನಮ್ಮ ಅತ್ಯುತ್ತಮ ಹಸು ಅವಳಿ ಹಾಕಿದೆ. ಒಂದು ಗಂಡು, ಒಂದು ಹೆಣ್ಣು. ಗಂಡು ಸತ್ತೇ ಹುಟ್ಟಿತು. ಹೆಣ್ಣನ್ನು ಉಳಿಸಿಕೊಳ್ಳಬಹುದು ಅಲ್ವಾ? ಗಂಡು ಬದುಕಿಲ್ಲವಲ್ಲ.

ಡಾಕ್ಟರ್: ಗಂಡು ಸತ್ತಿದ್ದರಿಂದ ಏನೂ ಬದಲಾಗುವುದಿಲ್ಲ. ಆಗಬೇಕಾದದ್ದು ಹೊಟ್ಟೆಯೊಳಗೇ ಆಗಿರುತ್ತದೆ. ಹಸುವಿನ ಅವಳಿಗಳಲ್ಲಿ ಸಾಮಾನ್ಯವಾಗಿ ಎರಡೂ ಮಾಸಿನ ರಕ್ತನಾಳಗಳು ಕೂಡಿಕೊಳ್ಳುತ್ತವೆ. ಗಂಡಿನ ಕಡೆಯಿಂದ ಬಂದ ಹಾರ್ಮೋನುಗಳು ಹೆಣ್ಣಿನ ಗರ್ಭಕೋಶ ಸರಿಯಾಗಿ ಬೆಳೆಯಲು ಬಿಡುವುದಿಲ್ಲ. ಗಂಡಿನ ಜೊತೆ ಹುಟ್ಟಿದ ಹೆಣ್ಣುಗಳಲ್ಲಿ ಶೇ. 90ಕ್ಕೂ ಹೆಚ್ಚು ಗೊಡ್ಡು. ನೋಡಲು ಮಾತ್ರ ಚೆಂದದ ಕಡಸು. ರಕ್ತ ಅಥವಾ ಕೂದಲಿನ ಪರೀಕ್ಷೆ ಮಾಡಿಸಿದರೆ ಈಗಲೇ ಗೊತ್ತಾಗುತ್ತದೆ. ಎರಡು ವರ್ಷ ಮೇವು ಹಾಕಿ ತಿಳಿದುಕೊಳ್ಳಬೇಡಿ.

ಗೋಪಾಲಕ: ಫಾರ್ವರ್ಡ್ ಬಂದಿದ್ದು, ಎಲ್ಲರಿಗೂ ಉಪಯೋಗವಾಗಲಿ 🙏 ಕಡಸು ಬೆದೆಗೆ ಬರದಿದ್ದರೆ ದಿನಾ ಚಿಟಿಕೆ ಮೈಲುತುತ್ತು ತಿನ್ನಿಸಿ. ಗಬ್ಬದ ಕೊನೆಯ ಎರಡು ತಿಂಗಳು ಮೇವು ಅರ್ಧ ಮಾಡಿ, ಕರು ಚಿಕ್ಕದಾಗಿ ಸಲೀಸಾಗಿ ಈಯುತ್ತದೆ. ಈಯುವ ದಿನ ಒಂದು ಬಾಟಲಿ ಎಣ್ಣೆ ಕುಡಿಸಿ.

ಡಾಕ್ಟರ್: ಮೂರೂ ತಪ್ಪು. ಮೈಲುತುತ್ತು ಅಂದರೆ ತಾಮ್ರ. ಅಳತೆಯಿಲ್ಲದೆ ತಿನ್ನಿಸಿದರೆ ಲಿವರಿನಲ್ಲಿ ಸೇರುತ್ತಾ ಹೋಗಿ ಒಂದು ದಿನ ದನವನ್ನು ಕೆಡವುತ್ತದೆ. ಮೇವು ಅರ್ಧ ಮಾಡಿದರೆ ಕಡಸಿಗೆ ಕರುವನ್ನು ತಳ್ಳಲು ಶಕ್ತಿ ಇರುವುದಿಲ್ಲ, ಗಿಣ್ಣು ಸಾಲುವುದಿಲ್ಲ, ಹುಟ್ಟಿದ ಕರು ಏಳುವುದಿಲ್ಲ. ಎಣ್ಣೆ ಶ್ವಾಸಕ್ಕೆ ಹೋದರೆ ನ್ಯುಮೋನಿಯಾ. ಸಲೀಸಾಗಿ ಈಯಬೇಕಾದರೆ ಕಡಸಿಗೆ ಹಗುರ ಕರು ಕೊಡುವ ಹೋರಿಯನ್ನು ಆರಿಸಿ.

ಗೋಪಾಲಕ: ನಾನು ಕಳಿಸಿದ್ದಷ್ಟೇ ಮೇಡಂ, ಬರೆದವನು ನಾನಲ್ಲ.

ಡಾಕ್ಟರ್: ಕಳಿಸಿದ್ದೇ ಸಾಕು.

ಬೇಲಿಮನೆ: ಮೇಡಂ, ಒಂದು ಚಿಕ್ಕ ಡೌಟು. ಉಳಿಸಿಕೊಳ್ಳಬೇಕು ಅಂತಿರುವ ಒಳ್ಳೆಯ ಕಡಸಿಗೆ 10 ತಿಂಗಳು. ಎರಡು ತಿಂಗಳ ಹಿಂದೆ ನಮ್ಮ ಹೋರಿ ಬೇಲಿ ಮುರಿದು ಒಳಗೆ ಬಂದಿತ್ತು. ಆಮೇಲೆ ಕಡಸು ಬೆದೆಗೆ ಬಂದಿಲ್ಲ. ಸುತ್ತಳತೆ 54, ಉದ್ದ 48. ಬೇಗ ಗಬ್ಬವಾದರೆ ಒಂದು ವರ್ಷ ಉಳಿತಾಯ ತಾನೆ? ಅಂದಹಾಗೆ ಆ ಹೋರಿಯೇ ಅದರ ಅಪ್ಪ.

ಡಾಕ್ಟರ್: ಇದು ಚಿಕ್ಕ ಡೌಟಲ್ಲ. ನಿಮ್ಮ ಅಳತೆ ಪ್ರಕಾರ ಕಡಸು ಸುಮಾರು 212 ಕಿಲೋ. ನಿಮ್ಮ ಹಸುಗಳು 500 ಕಿಲೋ ಅಂದುಕೊಳ್ಳೋಣ. ಗಬ್ಬದ ಅವಧಿ ಸುಮಾರು 283 ದಿನ. ಎರಡು ತಿಂಗಳು ಕಳೆದಿದೆ, ಅಂದರೆ ಇನ್ನು ಏಳು ತಿಂಗಳಲ್ಲಿ, 17 ತಿಂಗಳ ವಯಸ್ಸಿಗೆ ಈಯಬೇಕು. ದಿನಕ್ಕೆ 600 ಗ್ರಾಂ ಬೆಳೆದರೂ ಆಗ 350 ಕಿಲೋ ಮುಟ್ಟುವುದಿಲ್ಲ. ಬೇಕಾದದ್ದು 425. ಸೊಂಟದ ಮೂಳೆಯ ದಾರಿ ಕಿರಿದಾಗಿರುತ್ತದೆ. ಕರು ಅಲ್ಲಿ ಸಿಕ್ಕಿಕೊಂಡರೆ ಎಳೆಯುವಾಗ ನರಕ್ಕೆ ಪೆಟ್ಟಾಗಿ ಕಡಸು ಮತ್ತೆ ಏಳದೆ ಹೋಗಬಹುದು, ಇಲ್ಲವೇ ಹೊಟ್ಟೆ ಕೊಯ್ದು ತೆಗೆಯಬೇಕಾಗುತ್ತದೆ. ಜಾಸ್ತಿ ತಿನ್ನಿಸಿ ದಪ್ಪ ಮಾಡುತ್ತೇನೆ ಅನ್ನಬೇಡಿ. ದಾರಿಯಲ್ಲಿ ಕೊಬ್ಬು ತುಂಬಿಕೊಂಡು ಇನ್ನೂ ಕಷ್ಟ. ಬದುಕಿ ಉಳಿದರೂ ಬೆಳವಣಿಗೆ ಕುಂಠಿತ, ಎರಡನೇ ಗಬ್ಬ ತಡ. ಎಲ್ಲಿದೆ ಉಳಿತಾಯ?

ಇನ್ನು ಅಪ್ಪನ ವಿಷಯ. ಅಪ್ಪ-ಮಗಳ ಕರುವಿನಲ್ಲಿ ಶೇ. 25ರಷ್ಟು ಒಳಸಂಬಂಧ ಕೂಡಿರುತ್ತದೆ. ಅಡಗಿದ್ದ ದೋಷಗಳು ಹೊರಗೆ ಬರುವುದು ಹೀಗೇ. ಆ ಕರು ಹೆಣ್ಣಾದರೂ ಹಿಂಡಿಗೆ ಬೇಡ.

ಈಗ ಮಾಡಬೇಕಾದದ್ದು: ನಿಮ್ಮ ಹತ್ತಿರದ ಪಶುವೈದ್ಯರನ್ನು ಈ ವಾರವೇ ಕರೆಸಿ ಗಬ್ಬ ಪರೀಕ್ಷೆ ಮಾಡಿಸಿ. ಗಬ್ಬ ಇದ್ದರೆ, ಐದು ತಿಂಗಳೊಳಗೆ ಅವರು ಇಂಜೆಕ್ಷನ್ ಕೊಟ್ಟು ತೆಗೆಸಬಹುದು. ತಡವಾದಷ್ಟೂ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಆಮೇಲೆ ಮತ್ತೊಮ್ಮೆ ಪರೀಕ್ಷಿಸಿ ಖಾತ್ರಿ ಮಾಡಿಕೊಳ್ಳಬೇಕು. ಒಂದು ಪ್ರಶ್ನೆಗೆ ಉತ್ತರ ಕೊಡಿ: ಹೋರಿ ನುಗ್ಗಿದ ದಿನ ಆ ಹೊಲದಲ್ಲಿ ಇನ್ನೆಷ್ಟು ಕಡಸು ಇದ್ದವು?

ಬೇಲಿಮನೆ: ಇನ್ನೂ ನಾಲ್ಕು. ಮೇಡಂ, ಆ ಇಂಜೆಕ್ಷನ್ ಹೆಸರು ಹೇಳಿದರೆ ನಾನೇ ಕೊಡುತ್ತೇನೆ. ಮನೆಯವಳು ಹಿಡಿದುಕೊಳ್ಳುತ್ತಾಳೆ.

ಡಾಕ್ಟರ್: ಹೇಳುವುದಿಲ್ಲ. ಆ ಔಷಧಿ ಚರ್ಮದ ಮೂಲಕವೂ ಒಳಗೆ ಇಳಿಯುತ್ತದೆ. ಬಸುರಿಯರು ಮುಟ್ಟಿದರೆ ಗರ್ಭಕ್ಕೆ ಅಪಾಯ, ಉಬ್ಬಸ ಇರುವವರಿಗೆ ಉಸಿರು ಕಟ್ಟಬಹುದು. ಐದೂ ಕಡಸುಗಳಿಗೆ ಪರೀಕ್ಷೆ ಮಾಡಿಸಿ.

ಊರುಗೋಲು: ಇಷ್ಟೆಲ್ಲ ರಗಳೆ ಯಾಕೆ? ಗಬ್ಬದ ಕಡಸು ಕೊಂಡು ತನ್ನಿ, ಕೆಲಸ ಮುಗೀತು.

ಹಟ್ಟಿಹೈದ: ಅದರ ಜೊತೆ ರೋಗವೂ ಬರುತ್ತದೆ ಸ್ವಾಮಿ. ತಾಯಿ ಯಾವುದು, ಹೇಗೆ ಈದಿತ್ತು ಅಂತ ಮಾರುವವನು ಹೇಳುತ್ತಾನಾ?

ಊರುಗೋಲು: 14 ಕಡಸಿನಲ್ಲಿ ಯಾವುದು ಇಟ್ಟುಕೊಳ್ಳಬೇಕು ಅಂತ ಗೊತ್ತಿಲ್ಲದವರು ನನಗೆ ಪಾಠ ಹೇಳಬೇಡಿ.

ಹಟ್ಟಿಹೈದ: ಕೇಳಿ ಕಲಿಯುತ್ತಿದ್ದೇನೆ. ನೀವು ಕೇಳದೆಯೇ ಪಂಡಿತರು.

ಕ್ಯಾನ್‌ತುಂಬ: ಬೆಳಿಗ್ಗೆ ನನಗೂ ಹೀಗೇ ತಿರುಗಿ ಬಿದ್ದರು. ಬೆಳೆಸಿದವರು ಹೇಗೋ ಹಾಗೆ.

ನಿರ್ವಾಹಕ: ಮನೆಯವರ ವಿಷಯ ಬೇಡ. ಕೊನೆಯ ಎಚ್ಚರಿಕೆ.

ನೇಸರ: ಕೊಂಬು ಸುಡುವುದು ಯಾವಾಗ ಮೇಡಂ? ಉಳಿಸುವ ಕಡಸುಗಳಿಗೆ ಯಾವ ಲಸಿಕೆ?

ಸಂಜೆಹುಲ್ಲು: ಕಡಸಿಗೆ ಎಷ್ಟು ತಿಂಗಳಿಗೆ ಹೋರಿ ಕೊಡಿಸಬೇಕು?

ಡಾಕ್ಟರ್: ಸಂಜೆಹುಲ್ಲು ಅವರೇ, ಮೇಲೆ ಇದೆ. ಓದಿ.

ಊರುಗೋಲು ಅವರೇ, ಕೊಳ್ಳುವುದು ಯಾವಾಗಲೂ ತಪ್ಪು ಅಂತಲ್ಲ. ಒಂದೇ ಹೋರಿ ಇಟ್ಟುಕೊಂಡು ಮಗಳನ್ನು ಉಳಿಸಿಕೊಂಡರೆ ಹೋರಿಯನ್ನು ಬದಲಿಸಲೇಬೇಕು. ಹೋರಿ ಬೇಕು ಅಂದರೆ ಕಡಸನ್ನು ಹೊರಗಿನಿಂದ ತರಬೇಕು, ತಂದದ್ದನ್ನು ಪರೀಕ್ಷೆ ಮಾಡಿಸಿ ಕೆಲವು ವಾರ ಬೇರೆಯೇ ಕಟ್ಟಬೇಕು. ಅದನ್ನು ಹೇಳದೆ ‘ಕೆಲಸ ಮುಗೀತು’ ಅನ್ನಬೇಡಿ.

ಬೇಲಿಮನೆ ಅವರೇ, ಪರೀಕ್ಷೆ ಆಯಿತಾ?

ಚಿಗುರೆಲೆ: ಎಷ್ಟು ತಿಂಗಳಿಗೆ ಅಂತ ಒಂದು ಸಲ ಹೇಳಿಬಿಡಿ ಮೇಡಂ, ಮೇಲೆ ಹುಡುಕಲು ಆಗುತ್ತಿಲ್ಲ.

ಡಾಕ್ಟರ್: ಬೇಲಿಮನೆ, ಮೂರು ದಿನವಾಯಿತು.

ಬೇಲಿಮನೆ: ಕ್ಷಮಿಸಿ ಮೇಡಂ, ಕೆಲಸ ಇತ್ತು. ಡಾಕ್ಟರು ಬಂದಿದ್ದರು. ಐದರಲ್ಲಿ ಎರಡು ಗಬ್ಬ. ಇಂಜೆಕ್ಷನ್ ಕೊಟ್ಟಿದ್ದಾರೆ, ಮತ್ತೆ ಬಂದು ನೋಡುತ್ತಾರಂತೆ.

ಡಾಕ್ಟರ್: ಒಳ್ಳೆಯದಾಯಿತು. ಹೋರಿ ಎಲ್ಲಿದೆ?

ಬೇಲಿಮನೆ: ಕಡಸುಗಳ ಜೊತೇನೇ ಇದೆ. ಬೇಲಿ ಇನ್ನೂ ಕಟ್ಟಿಲ್ಲ.

ಡಾಕ್ಟರ್: ಫೋನ್ ಕೆಳಗಿಡಿ. ಈಗಲೇ ಹೋಗಿ ಅದನ್ನು ಬೇರೆ ಕಡೆ ಕಟ್ಟಿ.