ಟ್ರ್ಯಾಪ್: ಬಲೆಯೋ, ಬೋನೋ, ಕೂಳಿಯೋ?

ಎಲ್ಲರಿಗೂ ನಮಸ್ಕಾರ.

ಪೀಣ್ಯದಲ್ಲಿ ಬೋಲ್ಟುಗಳಿಗೆ ಸತುವಿನ ಲೇಪ ಕೊಡುವ ಕಾರ್ಖಾನೆಯ ಕೆಲಸಗಾರರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಟ್ರ್ಯಾಪ್, ಪ್ರೆಸಿಪಿಟೇಟ್ ಎಂಬ ಎರಡು ಇಂಗ್ಲಿಷ್ ಪದಗಳಿಗೆ ಒಪ್ಪುವ ಕನ್ನಡ ಸಿಗದೆ ಕೈ ನಿಂತುಬಿಟ್ಟಿದೆ.

ಆಮ್ಲದಲ್ಲಿ ತೊಳೆಯುವಾಗ, ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಪರಮಾಣುಗಳು ಉಕ್ಕಿನೊಳಕ್ಕೆ ಇಳಿಯುತ್ತವೆ. ಉಕ್ಕು ತುಂಬ ಗಟ್ಟಿಯದಾದರೆ, ಬಿಗಿದ ಬೋಲ್ಟು ಗಂಟೆಗಳೋ ದಿನಗಳೋ ಕಳೆದ ಮೇಲೆ ಫಟ್ಟನೆ ಮುರಿಯಬಹುದು. ಆಮ್ಲದಲ್ಲಿ ಅದ್ದಿದ ಕಬ್ಬಿಣ ಪೆಡಸಾಗುತ್ತದೆ, ಹಾಗೇ ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ ಎಂದು 1875ರಲ್ಲೇ ಡಬ್ಲ್ಯು. ಎಚ್. ಜಾನ್ಸನ್ ಬರೆದಿದ್ದರು. ಅದಕ್ಕೇ ಪ್ಲೇಟಿಂಗ್ ಆದ ಮೇಲೆ, ಒಳಗಿನ ಹೈಡ್ರೋಜನ್ ಹೊರಹೋಗಲೆಂದು, ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುವುದು, ಅಂದರೆ ಬೇಕಿಂಗ್ ಮಾಡುವುದು. ಅಲ್ಲಿನ ಹುಡುಗರು ಇದನ್ನು ‘ಒಣಗ್ಸೋದು’ ಅನ್ನುತ್ತಾರೆ. ನೀರು ಆರಿದರೆ ಸಾಕು ಎಂಬ ಅರ್ಥ ಆ ಮಾತಿನಲ್ಲೇ ಇದೆ. ನನ್ನ ಭಯ ಅದೇ.

ಈಗ ಪದಕ್ಕೆ ಬರುತ್ತೇನೆ. ಕೆಲವು ಉಕ್ಕುಗಳಿಗೆ ವನೇಡಿಯಂ, ನಿಯೋಬಿಯಂ, ಟೈಟಾನಿಯಂ ಬೆರೆಸಿರುತ್ತಾರೆ. ಅವು ಇಂಗಾಲದೊಡನೆ ಕೂಡಿ ನ್ಯಾನೊಮೀಟರ್ ಗಾತ್ರದ ಕಾರ್ಬೈಡ್ ಕಣಗಳಾಗುತ್ತವೆ. ಉಕ್ಕಿನೊಳಗೆ ಅಲೆಯುವ ಹೈಡ್ರೋಜನ್ ಈ ಕಣಗಳ ಅಂಚಿನಲ್ಲೋ, ಕಣದೊಳಗೆ ಇಂಗಾಲವಿಲ್ಲದೆ ಖಾಲಿ ಉಳಿದ ತಾವಿನಲ್ಲೋ ಸಿಕ್ಕಿಕೊಳ್ಳುತ್ತದೆ. ಬಿರುಕಿನ ಕಡೆಗೆ ಹೋಗುವುದು ತಪ್ಪುತ್ತದೆ. ಹೈಡ್ರೋಜನ್ ಬದಲು ಅದರ ಭಾರದ ರೂಪವಾದ ಡ್ಯೂಟೀರಿಯಂ ತುಂಬಿ, ಉಕ್ಕನ್ನು ಕಡುಶೀತದಲ್ಲಿಟ್ಟು, ಅದು ಕಾರ್ಬೈಡಿನೊಳಗೆ ಕೂತಿರುವುದನ್ನು 2017ರಲ್ಲಿ ಪರಮಾಣು ಪರಮಾಣುವಾಗಿ ತೋರಿಸಿದ್ದಾರೆ.

ಹೀಗೆ ಹಿಡಿದಿಡುವ ತಾವೇ ಟ್ರ್ಯಾಪ್. ಇದಕ್ಕೆ ‘ಬಲೆ’ ಅಂದರೆ ಯಾರೋ ಬೀಸಿದಂತೆ. ‘ಬೋನು’ ಅಂದರೆ ಬಾಗಿಲು ಬೀಳಬೇಕು. ನನ್ನ ಮನಸ್ಸು ‘ಕೂಳಿ’ಯ ಕಡೆಗಿದೆ: ಹರಿವ ನೀರಿಗೆ ಇಟ್ಟ ಬಿದಿರಿನ ಬುಟ್ಟಿ, ಮೀನು ತಾನಾಗಿ ನುಗ್ಗಿ ಹೊರಬರಲಾರದೆ ಉಳಿಯುತ್ತದೆ. ಆದರೆ ಬೆಂಗಳೂರಲ್ಲೇ ಬೆಳೆದವರಿಗೆ ಕೂಳಿ ಗೊತ್ತೇ? ಇನ್ನೊಂದು ತೊಡಕು, ಹರಳಿನ ಸಾಲು ತಪ್ಪಿದ ಕಡೆಗಳೂ ಹೈಡ್ರೋಜನ್ನನ್ನು ಹಿಡಿಯುತ್ತವೆ, ಆದರೆ ಸ್ವಲ್ಪ ಕಾವಿಗೇ ಬಿಟ್ಟುಬಿಡುತ್ತವೆ. ಅವಕ್ಕೆ ‘ತಂಗು’, ಕಾರ್ಬೈಡಿಗೆ ‘ಸೆರೆ’ ಎಂದು ಬೇರೆ ಮಾಡಬಹುದೇ?

ಎರಡನೆಯದು ಪ್ರೆಸಿಪಿಟೇಟ್, ಅಂದರೆ ಆ ಕಾರ್ಬೈಡಿನಂತೆ ಉಕ್ಕಿನೊಳಗೇ ಬೇರೆಯಾಗಿ ಕಟ್ಟಿಕೊಳ್ಳುವ ಕಣ. ಶಾಲೆಯ ‘ಪ್ರಕ್ಷೇಪ’ ಓದಿದರೆ ಪ್ರನಾಳದ ತಳದಲ್ಲಿ ಕೂತ ಬಿಳಿ ಪುಡಿ ಕಣ್ಣಿಗೆ ಬರುತ್ತದೆ. ಇಲ್ಲಿ ತಳಕ್ಕೆ ಇಳಿಯುವುದು ಏನೂ ಇಲ್ಲ. ತುಪ್ಪ ಆರುವಾಗ ಅದರೊಳಗೇ ಮರಳು ಮರಳಾಗಿ ಕಟ್ಟಿಕೊಳ್ಳುತ್ತದಲ್ಲ, ಹಾಗೆ. ‘ಒಳಹರಳು’ ಎಂದು ಬರೆದಿಟ್ಟಿದ್ದೇನೆ.

ಪ್ಲೇಟಿಂಗ್, ಎರಕದ ಕೆಲಸ ಬಲ್ಲವರು ದಯವಿಟ್ಟು ಹೇಳಿ, ನಿಮ್ಮಲ್ಲಿ ಬೇಕಿಂಗಿಗೆ ‘ಒಣಗಿಸು’ ಬಿಟ್ಟು ಬೇರೆ ಮಾತು ಇದೆಯೇ? ಕೂಳಿ ಕಂಡವರೂ ತಿಳಿಸಿ: ಮೀನು ಅದರಿಂದ ಎಂದಾದರೂ ತಪ್ಪಿಸಿಕೊಳ್ಳುತ್ತದೆಯೇ?