ಡೇಟ್ ಹತ್ತಿರ ಬರುವಾಗಿನ ಸಿಟ್ಟು, ಅಳು: ಇದಕ್ಕೆ ಮದ್ದು ಉಂಟಾ?

ಸುರತ್ಕಲ್‌ನವಳು:
ಹಂಪನಕಟ್ಟೆಯ ಒಂದು ಜವಳಿ ಅಂಗಡಿಯಲ್ಲಿ ಬಿಲ್ಲಿಂಗ್ ಮಾಡ್ತೇನೆ, ವಯಸ್ಸು 34. ಪ್ರತಿ ತಿಂಗಳು ಮುಟ್ಟಿನ ಮೊದಲಿನ ವಾರ ನಾನು ನಾನಾಗಿ ಇರುದಿಲ್ಲ. ಎದೆ ಭಾರ, ಬೈಕಂಪಾಡಿ ದಾಟುವಾಗ ಬಸ್ಸು ಗುಂಡಿಗೆ ಇಳಿದರೆ ಕೈ ಅಡ್ಡ ಹಿಡೀಬೇಕು, ಅಷ್ಟು ನೋವು. ಬೆರಳಿನ ಉಂಗುರ ತೆಗೀಲಿಕ್ಕೆ ಆಗುದಿಲ್ಲ. ಮಗಳು ಶಾಲೆಯಿಂದ ನೀರುದೋಸೆ ಹಾಗೇ ವಾಪಸ್ ತಂದರೆ ಉಳಿದ ದಿನ ನಾನೇ ತಿಂದು ಡಬ್ಬಿ ತೊಳೀತೇನೆ. ಆ ವಾರ ಅದೇ ಡಬ್ಬಿ ನೋಡಿದರೆ ಅಳು ಬರ್ತದೆ. ಮುಟ್ಟಾದ ಮರುದಿನ ಎಲ್ಲ ಇಳೀತದೆ. ಅತ್ತೆ ಹೇಳ್ತಾರೆ, "ನಮಗೂ ಇತ್ತು, ಯಾರ ಹತ್ರ ಹೇಳ್ಲಿಕ್ಕೆ ಹೋದದ್ದು?" ಪಿಎಂಎಸ್ (ಮುಟ್ಟಿನ ಮೊದಲು ಬರುವ ಮೈ-ಮನಸ್ಸಿನ ತೊಂದರೆ) ಅಂತ ಹೇಳುದು ಇದಕ್ಕೇನಾ?

ಕಾಪು ಅಕ್ಕ:
ಮಾರಾಯ್ತಿ, ಆ ವಾರ ಒಣಮೀನು, ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡಿ ನೋಡು. ನನಗೆ ಊತ ಇಳಿದದ್ದು ಅದರಿಂದ. ಸಂಜೆ ಬೀಚಿನಲ್ಲಿ ನಡೆದ ತಿಂಗಳು ನಿದ್ದೆಯೂ ಒಳ್ಳೇದು ಬರ್ತದೆ.

ನರ್ಸ್, ಉಡುಪಿ:
ಪಿಎಂಎಸ್‌ನ ಹಾಗೇ ಕಾಣ್ತದೆ. "ಮರುದಿನ ಇಳೀತದೆ" ಅಂದಿರಲ್ಲ, ಅದೇ ಮುಖ್ಯ. ಅಂಡ ಬಿಡುಗಡೆಯಾದ ಮೇಲೆ ಪ್ರೊಜೆಸ್ಟರಾನ್ ಅಂತ ಒಂದು ಹಾರ್ಮೋನು ಏರ್ತದೆ, ಮುಟ್ಟು ಹತ್ತಿರವಾದಾಗ ಇಳೀತದೆ. ಈ ಏರಿಳಿತ ಎಲ್ಲ ಹೆಂಗಸರಿಗೂ ಉಂಟು, ಕೆಲವರ ಮಿದುಳಿಗೆ ಮಾತ್ರ ಅದು ಜೋರಾಗಿ ತಾಗ್ತದೆ. ಹಟವೂ ಅಲ್ಲ, ನಾಟಕವೂ ಅಲ್ಲ. ಅತ್ತೆಯವರ ಕಾಲದಲ್ಲಿ ಕೇಳುವವರಿರಲಿಲ್ಲ, ಪಾಪ, ಸಹಿಸಿದರು. ನೀವೂ ಸಹಿಸಬೇಕು ಅಂತ ಎಲ್ಲಿಯೂ ಇಲ್ಲ.

ಮದ್ದಿಗಿಂತ ಮೊದಲು ಅಡುಗೆಮನೆಯ ಕ್ಯಾಲೆಂಡರಿನಲ್ಲಿ 2 ತಿಂಗಳು ದಿನಾ ರಾತ್ರಿ ಗುರುತು ಹಾಕಿ. ನೋವಿಗೆ "ನೋ", ಅಳುವಿಗೆ "ಅ", ಮುಟ್ಟಾದ ದಿನಕ್ಕೆ ಒಂದು ಸುತ್ತು. ಏನೂ ಇಲ್ಲದ ದಿನ ಸೊನ್ನೆ. ಅದನ್ನು ಬಿಡಬೇಡಿ, ಡಾಕ್ಟರ್ ಮೊದಲು ನೋಡುದೇ ಅದನ್ನು. ಮುಟ್ಟು ಮುಗಿದ ಮೇಲಿನ ವಾರವೂ ಸೊನ್ನೆ ಇಲ್ಲದಿದ್ದರೆ ಥೈರಾಯ್ಡ್, ರಕ್ತ ಕಮ್ಮಿ, ಖಿನ್ನತೆ ಇದೆಯಾ ಅಂತ ನೋಡಿಸಬೇಕಾಗ್ತದೆ.

ಕ್ಯಾಲ್ಸಿಯಂನಿಂದ ಕೆಲವರಿಗೆ ಗುಣ ಕಾಣ್ತದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂ ಮೀರಿ ಉಂಟು, ರಾಗಿ ಮಣ್ಣಿ ಮಾಡಿ. ಬೂತಾಯಿ ಮೀನಿನ ಸಣ್ಣ ಮುಳ್ಳು ಮೆತ್ತಗೆ ಬೆಂದಿದ್ದರೆ ಅದನ್ನೂ ಜಗಿದು ತಿನ್ನಿ.

ಸುರತ್ಕಲ್‌ನವಳು:
ಅಕ್ಕ, ಒಂದೊಂದು ತಿಂಗಳು ಆ ವಾರ ನಾನು ಇದ್ದು ಏನು ಪ್ರಯೋಜನ ಅಂತ ಅನಿಸ್ತದೆ. ಅದನ್ನೂ ಬರೆದಿಡುದಾ?

ನರ್ಸ್, ಉಡುಪಿ:
ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ 2 ತಿಂಗಳು ಕಾಯುದು ಬೇಡ, ಈ ವಾರವೇ ಡಾಕ್ಟರ್ ಹತ್ರ ಹೋಗಿ, ಈಗ ಬರೆದ ಮಾತನ್ನು ಹೀಗೇ ಹೇಳಿ. ಪಿಎಂಎಸ್ ತೀವ್ರವಾದರೆ ಪಿಎಂಡಿಡಿ ಅಂತಾರೆ, ಅದಕ್ಕೆ ಮದ್ದು ಉಂಟು. ಮಿದುಳಿನಲ್ಲಿರುವ ಸೆರೊಟೋನಿನ್ ಅಂಬ ರಾಸಾಯನಿಕಕ್ಕೆ ಸಂಬಂಧಿಸಿದ ಮಾತ್ರೆ ಕೊಡ್ತಾರೆ, ಕೆಲವರು ಮುಟ್ಟಿನ ಮೊದಲಿನ 2 ವಾರ ಮಾತ್ರ ತಗೊಂಡರೂ ಸಾಕಾಗ್ತದೆ. ರಾತ್ರಿ ಹೊತ್ತು ಆ ಯೋಚನೆ ಬಂದರೆ ಮನೆಯಲ್ಲಿ ಒಬ್ಬರನ್ನು ಎಬ್ಬಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿಗೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡ್ತಾರೆ. ಡಾಕ್ಟರ್ ಏನು ಹೇಳಿದರು ಅಂತ ಇಲ್ಲಿ ಬರೀರಿ.