ಲೀಶ್ಮನ್ ಸ್ಟೇನ್ ಪೂರ್ತಿ ಕೆಂಪಾಗುತ್ತಿದೆ, ನ್ಯೂಕ್ಲಿಯಸ್ ಕಾಣುವುದೇ ಇಲ್ಲ

ಪೆರ್ಲದವಳು:
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಮಜ್ಜೆ ಕಸಿ ಆದ ಮೇಲಿನ, ಗಾಜಿನ ಮೇಲೆ ತೆಳ್ಳಗೆ ಸವರಿದ ರಕ್ತದ ಸ್ಮಿಯರ್‌ಗಳು ನನ್ನ ಹತ್ತಿರ ಇವೆ. ಒಟ್ಟು 40 ಸ್ಲೈಡ್, ಎರಡನೇ ವಾರದಿಂದ ಆರನೇ ವಾರದವರೆಗಿನವು. ಕಣಗಳಿಗೆ ಬಣ್ಣ ಹಿಡಿಸುವ ಲೀಶ್ಮನ್ ಸ್ಟೇನ್ ಹಾಕಿದರೆ ಕೆಂಪು ಕಣಗಳೆಲ್ಲ ಕುಂಕುಮದ ಹಾಗೆ ಆಗುತ್ತವೆ. ಬಿಳಿ ಕಣಗಳ ನ್ಯೂಕ್ಲಿಯಸ್ ಮಾತ್ರ ತೊಳೆದು ಹೋದ ನೀಲಿ. ಬಿಳಿ ಕಣಗಳಲ್ಲಿ ಲಿಂಫೋಸೈಟ್ ಯಾವುದು, ಮೊನೊಸೈಟ್ ಯಾವುದು ಗೊತ್ತೇ ಆಗುವುದಿಲ್ಲ. ಎರಡು ನಿಮಿಷ ಸ್ಟೇನ್, ಮತ್ತೆ ಎರಡು ಪಾಲು ನೀರು ಸೇರಿಸಿ ಹತ್ತು ನಿಮಿಷ. ಯಾವಾಗಲೂ ಮಾಡುವ ಹಾಗೆಯೇ ಮಾಡಿದ್ದೇನೆ. 12 ಸ್ಲೈಡ್ ಹಾಳಾಗಿದೆ. ಈ ರಕ್ತ ಮತ್ತೆ ಸಿಗುವುದಿಲ್ಲ. ದಯವಿಟ್ಟು ಯಾರಾದರೂ ದಾರಿ ಹೇಳಿ.

ಬದಿಯಡ್ಕ ಲ್ಯಾಬ್:
ಮಳೆಗಾಲ ತಂಗೀ, ಮತ್ತೇನಲ್ಲ. ಸ್ಟೇನ್ ಪುಡಿ ಕರಗಿಸುವ ಮೆಥನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಟಿಯಲ್ಲಿ ನಮ್ಮ ಲ್ಯಾಬಿನಲ್ಲೂ ಹೀಗೇ ಆಗುತ್ತದೆ. ಸ್ಟೇನ್ ಬಾಟಲಿ ಎಷ್ಟು ಸಲ ತೆರೆದಿದ್ದೀರಿ? ಹೊಸ ಮೆಥನಾಲ್ ತನ್ನಿ, ಹೊಸ ಸ್ಟೇನ್ ಮಾಡಿ. 22 ವರ್ಷದಿಂದ ಸ್ಲೈಡ್ ನೋಡುತ್ತಿದ್ದೇನೆ.

ಪೆರ್ಲದವಳು:
ತೇವ ಆದರೆ ಕೆಂಪು ಕಣದೊಳಗೆ ತೂತಿನ ಹಾಗೆ ಹೊಳೆಯುವ ಚುಕ್ಕೆ ಬರಬೇಕು ಅಲ್ವಾ ಅಣ್ಣ? ಅದು ಒಂದೂ ಇಲ್ಲ. ಫೋಟೋ ಹಾಕಿದ್ದೇನೆ.

ಬದಿಯಡ್ಕ ಲ್ಯಾಬ್:
ಚುಕ್ಕೆ ಬರಲೇಬೇಕೆಂದಿಲ್ಲ. ಮೊದಲು ಮೆಥನಾಲ್ ಬದಲಿಸಿ ನೋಡಿ.

ಮುಳ್ಳೇರಿಯ ತೋಟ:
ತಂಗೀ, ಕಸಿ ಅಂತ ಓದಿ ಬರೆಯುತ್ತಿದ್ದೇನೆ. ಸ್ಟೇನ್ ವಿಷಯ ನನಗೆ ಗೊತ್ತಿಲ್ಲ. ನನ್ನ ಅಕ್ಕನ ಮಗನಿಗೆ ಥಲಸೀಮಿಯಾ, ಹುಟ್ಟಿನಿಂದಲೇ ಬರುವ ರಕ್ತದ ಕಾಯಿಲೆ. ವೆಲ್ಲೂರಿನಲ್ಲಿ ಕಸಿ ಆಯಿತು, ಅವನ ತಂಗಿಯದೇ ಮಜ್ಜೆ. ಅಲ್ಲಿ 1986ರಿಂದ ಈ ಚಿಕಿತ್ಸೆ ಉಂಟು. ದಿನಾ ಬೆಳಿಗ್ಗೆ ಕೌಂಟ್ ಬರುವ ತನಕ ನಾವು ಯಾರೂ ಚಾ ಕುಡಿಯುತ್ತಿರಲಿಲ್ಲ. ನ್ಯೂಟ್ರೋಫಿಲ್ ಎಂಬ ಬಿಳಿ ಕಣ 500 ದಾಟಿ ಮೂರು ದಿನ ನಿಂತರೆ ಮಜ್ಜೆ ಹಿಡಿಯಿತು ಅಂತ ಲೆಕ್ಕ. ನಿಮ್ಮಲ್ಲಿ ಯಾರಿಗೆ ಆಗಿದೆ? ಧೈರ್ಯ ಬಿಡಬೇಡಿ.

ಬದಿಯಡ್ಕ ಲ್ಯಾಬ್:
ಫೋಟೋ ಈಗ ದೊಡ್ಡದು ಮಾಡಿ ನೋಡಿದೆ. ಕೆಲವು ಕಣಗಳ ನ್ಯೂಕ್ಲಿಯಸ್ ಬಳೆಯ ಹಾಗೆ, ನಡುವೆ ತೂತು. ಆರನೇ ವಾರದ ಸ್ಲೈಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲಿಂಫೋಸೈಟ್ ಇರುವ ಹಾಗೆ ಕಾಣುತ್ತದೆ. ಕಸಿ ಆದವರಲ್ಲಿ ಇದು ಸರಿಯಲ್ಲ. ವೈರಸ್ ಸೋಂಕು ಇರಬಹುದು. ಸ್ಟೇನ್ ಆಮೇಲೆ, ಮೊದಲು ಡಾಕ್ಟರಿಗೆ ತೋರಿಸಿ.

ಪೆರ್ಲದವಳು:
ಕ್ಷಮಿಸಿ, ಹೇಳಲು ಮರೆತೆ. ಇದು ಇಲಿಯ ರಕ್ತ. ನನ್ನ ಎಂ.ಎಸ್ಸಿ. ಪ್ರಾಜೆಕ್ಟ್. ಕಪ್ಪು ಇಲಿ, ಬ್ಲ್ಯಾಕ್ ಸಿಕ್ಸ್ ತಳಿ. ವಿಕಿರಣ ಕೊಟ್ಟು ಅವುಗಳ ಮಜ್ಜೆ ಖಾಲಿ ಮಾಡಿ, ಅದೇ ತಳಿಯ ಇನ್ನೊಂದು ಇಲಿಯ ಮಜ್ಜೆ ಹಾಕಿದ್ದು. ಬಾಲದ ತುದಿಯ ಒಂದು ಹನಿ ರಕ್ತದಿಂದ ಪ್ರತಿ ವಾರ ಸ್ಮಿಯರ್ ಮಾಡುತ್ತಿದ್ದೆ. ಮಳೆಗೆ ಹಾಸ್ಟೆಲ್ ಮುಚ್ಚಿತು. ಮೆಥನಾಲ್‌ನಲ್ಲಿ ಫಿಕ್ಸ್ ಮಾಡಿ, ಗೈಡಿನ ಒಪ್ಪಿಗೆ ಪಡೆದೇ ಸ್ಲೈಡ್ ಮನೆಗೆ ತಂದಿದ್ದೇನೆ.

ಮುಳ್ಳೇರಿಯ ಅಣ್ಣ, ನಿಮ್ಮ ಅಳಿಯ ಈಗ ಹೇಗಿದ್ದಾನೆ?

ಬದಿಯಡ್ಕ ಲ್ಯಾಬ್:
ಎಂಥ ಮಾರಾಯ್ರೆ, ಇದನ್ನು ಮೊದಲ ಸಾಲಿನಲ್ಲೇ ಹೇಳಬೇಕಿತ್ತು. ರಾತ್ರಿ ಹನ್ನೊಂದರವರೆಗೆ ಆ ಬಳೆಗಳನ್ನೇ ನೋಡುತ್ತಾ ಕೂತಿದ್ದೆ.

ಉಪ್ಪಳದಿಂದ ಬೆಂಗಳೂರಿಗೆ:
ಬಳೆ ಸರಿಯಾಗಿಯೇ ಇದೆ. ಇಲಿಯ ನ್ಯೂಟ್ರೋಫಿಲ್, ಮೊನೊಸೈಟ್ ಎರಡರಲ್ಲೂ ಬಳೆ ಆಕಾರದ ನ್ಯೂಕ್ಲಿಯಸ್ ಬರುತ್ತದೆ. ಲಿಂಫೋಸೈಟ್ ಜಾಸ್ತಿ ಇರುವುದೂ ಸಹಜ. ಆರೋಗ್ಯವಾಗಿರುವ ಇಲಿಯ ಬಿಳಿ ಕಣಗಳಲ್ಲಿ ಹೆಚ್ಚಿನ ಪಾಲು ಅವೇ. ಮನುಷ್ಯರಲ್ಲಿ ನ್ಯೂಟ್ರೋಫಿಲ್ ಮುಂದೆ, ಇಲಿಯಲ್ಲಿ ಲೆಕ್ಕ ತಿರುಗಾಮುರುಗಾ.

ಆದರೆ ಇಷ್ಟೆಲ್ಲ ಕಷ್ಟ ಯಾಕೆ? ಕಣಗಳನ್ನು ಒಂದೊಂದಾಗಿ ಲೇಸರಿನ ಮುಂದೆ ಹರಿಸಿ ಗುರುತಿಸುವ ಫ್ಲೋ ಸೈಟೋಮೆಟ್ರಿ ಮಾಡಿ. ಬಿಳಿ ಕಣದ ಮೇಲಿನ ಗುರುತು ದಾನಿ ಇಲಿಯಲ್ಲಿ ಸಿಡಿ45.1, ಪಡೆದ ಇಲಿಯಲ್ಲಿ ಸಿಡಿ45.2 ಇದ್ದರೆ ಯಾವ ಕಣ ಯಾರದ್ದು ಅಂತ ಮೆಶಿನ್ ಬೇರೆ ಮಾಡಿ ಕೊಡುತ್ತದೆ. ಸ್ಮಿಯರ್‌ನಲ್ಲಿ ಅದು ಎಂದಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಐದು ಲೇಸರಿನ ಮೆಶಿನ್ ಇದೆ, ಒಂದೇ ಟ್ಯೂಬಿನಲ್ಲಿ 18 ಬಣ್ಣ ಓಡಿಸುತ್ತೇವೆ.

ಪೆರ್ಲದವಳು:
ಫ್ಲೋ ಆಗಿದೆ. ಅದರಲ್ಲಿ ನಾನು ಕೆಂಪು ಕಣ ಒಡೆದು ತೆಗೆಯುತ್ತೇನೆ. ನನಗೆ ಕೆಂಪು ಕಣವೂ ಬೇಕು. ಹೊಸ ಮಜ್ಜೆ ಕೆಲಸ ಶುರುಮಾಡಿದಾಗ ನೀಲಿ ಛಾಯೆಯ ದೊಡ್ಡ ಎಳೆ ಕೆಂಪು ಕಣಗಳು ರಕ್ತಕ್ಕೆ ಬರುತ್ತವೆ. ಅದನ್ನು ಕಣ್ಣಿನಲ್ಲಿ ನೋಡಬೇಕು.

ಉಪ್ಪಳದಿಂದ ಬೆಂಗಳೂರಿಗೆ:
ಅದನ್ನೂ ಫ್ಲೋನಲ್ಲೇ ಮಾಡಬಹುದು. ಈ ಕಾಲದಲ್ಲಿ ಸ್ಮಿಯರ್ ಎಣಿಸಿದರೆ ಯಾರೂ ಒಪ್ಪುವುದಿಲ್ಲ.

ಕುಂಬ್ಳೆ ಮಾಷ್ಟ್ರು:
ಹಾಗೆ ಹೇಳಬೇಡಿ. 1961ರಲ್ಲಿ ಟೊರೊಂಟೊದ ಟಿಲ್ ಮತ್ತು ಮೆಕಲಕ್ ಏನು ಮಾಡಿದರು? ವಿಕಿರಣ ಕೊಟ್ಟ ಇಲಿಗೆ ಮಜ್ಜೆ ಹಾಕಿ, ಹತ್ತು ದಿನ ಬಿಟ್ಟು, ಸ್ಪ್ಲೀನ್ (ಗುಲ್ಮ) ಮೇಲೆ ಎದ್ದ ಗಂಟುಗಳನ್ನು ಎಣಿಸಿದರು. ಹಾಕಿದ ಕಣ ಜಾಸ್ತಿ ಆದ ಹಾಗೆ ಗಂಟೂ ಜಾಸ್ತಿ. ರಕ್ತದ ಮೂಲಕಣಕ್ಕೆ ಮೊದಲ ಗಟ್ಟಿ ಆಧಾರ ಸಿಕ್ಕಿದ್ದು ಆ ಎಣಿಕೆಯಿಂದ. ಹುಡುಗಿ ಕಣ್ಣಿನಿಂದ ಕಲಿಯಲಿ.

ನಿಮ್ಮ ಮೈಕ್ರೋಸ್ಕೋಪ್ ಯಾವುದು ಮಗಳೇ? ಕಂಡೆನ್ಸರ್ ಮೇಲಕ್ಕೆ ಏರಿಸಿದ್ದೀರಾ? ನನ್ನದು ನಿವೃತ್ತಿಯ ಹಣದಲ್ಲಿ ತೆಗೆದುಕೊಂಡದ್ದು, 100ರ ಆಯಿಲ್ ಲೆನ್ಸ್ ಈಗಲೂ ಕನ್ನಡಿಯ ಹಾಗಿದೆ. ಪ್ರತಿ ಸಲ ಎಣ್ಣೆ ಒರೆಸಿಯೇ ಇಡುತ್ತೇನೆ.

ಬದಿಯಡ್ಕ ಲ್ಯಾಬ್:
ಮಾಷ್ಟ್ರೆ, ಬಣ್ಣ ಕೆಟ್ಟದ್ದಕ್ಕೂ ಲೆನ್ಸಿಗೂ ಸಂಬಂಧ ಇಲ್ಲ. ಮೆಥನಾಲ್ ಏನಾಯಿತು ತಂಗೀ?

ಪೆರ್ಲದವಳು:
ಮಂಗಳೂರಿನಿಂದ ಹೊಸ ಬಾಟಲಿ ತರಿಸಿದೆ. ಹೊಸ ಸ್ಟೇನ್ ಮಾಡಿದೆ. ಇನ್ನೂ ಎರಡು ಸ್ಲೈಡ್ ಹೋಯಿತು. ಅದೇ ಕೆಂಪು. ಅಳು ಬರುತ್ತಿದೆ.

ಬದಿಯಡ್ಕ ಲ್ಯಾಬ್:
ಹೊಸ ಸ್ಟೇನ್ ಕೆಲವು ದಿನ ಕೂತು ಹಣ್ಣಾಗಬೇಕು. ಅಷ್ಟು ಬೇಗ ಹಾಕಿದ್ದು ತಪ್ಪು.

ಕುಂಬ್ಳೆ ಮಾಷ್ಟ್ರು:
ಒಂದು ನಿಮಿಷ. ಎರಡು ಪಾಲು ನೀರು ಅಂದಿರಿ. ಯಾವ ನೀರು?

ಪೆರ್ಲದವಳು:
ಮನೆಯ ಸುರಂಗದ ನೀರು. ಗುಡ್ಡದೊಳಗಿನಿಂದ ಬರುವ ಸ್ವಚ್ಛ ನೀರು. ನಾವು ಕುಡಿಯುವುದೂ ಅದನ್ನೇ.

ಕುಂಬ್ಳೆ ಮಾಷ್ಟ್ರು:
ಅಲ್ಲೇ ಉಂಟು ವಿಷಯ. ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ನೀರು ಹುಳಿ. ಶಾಲೆಯಲ್ಲಿ ಮಕ್ಕಳ ಕೈಯಲ್ಲಿ ಬೇರೆ ಬೇರೆ ಮನೆಯ ಬಾವಿ ನೀರು ತರಿಸಿ ಪಿಎಚ್ ಕಾಗದ ಅದ್ದಿಸುತ್ತಿದ್ದೆ. 7ಕ್ಕಿಂತ ಕೆಳಗೆ ಹೋದಷ್ಟೂ ಹುಳಿ, ಅದರಲ್ಲಿ 6 ದಾಟಿದ್ದು ಅಪರೂಪ. ಕುಡಿಯಲು ರುಚಿ, ಆದರೆ ಲೀಶ್ಮನ್‌ಗೆ 6.8 ಬೇಕು. ನೀರು ಹುಳಿಯಾದರೆ ಕೆಂಪು ಬಣ್ಣ ಜೋರಾಗಿ ಹಿಡಿಯುತ್ತದೆ, ನೀಲಿ ಹಿಡಿಯುವುದೇ ಇಲ್ಲ. ನಿಮ್ಮ ಫೋಟೋದಲ್ಲಿ ಇರುವುದು ಅದೇ.

ಬದಿಯಡ್ಕ ಲ್ಯಾಬ್:
ಸುರಂಗದ ನೀರಿಗೆ ಏನಾಗಿದೆ? ಬಾಯಾರಿನಲ್ಲಿ ನಮ್ಮ ಅಜ್ಜನೇ ಕೊರೆಸಿದ ಸುರಂಗ ಉಂಟು. ಅದರಷ್ಟು ಒಳ್ಳೆಯ ನೀರು ಎಲ್ಲೂ ಇಲ್ಲ.

ಕುಂಬ್ಳೆ ಮಾಷ್ಟ್ರು:
ನೀರನ್ನು ಬೈಯುತ್ತಿಲ್ಲ. ನಿಮ್ಮ ಲ್ಯಾಬಿನಲ್ಲಿ ಏನು ಹಾಕುತ್ತೀರಿ, ಹೇಳಿ.

ಬದಿಯಡ್ಕ ಲ್ಯಾಬ್:
ಪಿಎಚ್ ಬದಲಾಗದ ಹಾಗೆ ಹಿಡಿದಿಡುವ ಬಫರ್ ಮಾತ್ರೆ, ಡಿಸ್ಟಿಲ್ಡ್ ನೀರಿನಲ್ಲಿ. ನೀರು ಅಂದರೆ ಅದೇ ಅಂದುಕೊಂಡಿದ್ದೆ. ಮೊದಲೇ ಕೇಳಬೇಕಿತ್ತು, ತಂಗೀ.

ಪೆರ್ಲದವಳು:
ಕಾಗದ ಅದ್ದಿದೆ. 5 ಮತ್ತು 6ರ ನಡುವೆ. ಈಗ ನೆನಪಾಯಿತು. ನಮ್ಮ ಲ್ಯಾಬಿನ ಬಾಟಲಿಯ ಮೇಲೆ ‘ಸ್ಟೇನ್ ನೀರು’ ಅಂತ ಬರೆದಿರುತ್ತದೆ. ಸೀನಿಯರ್ ಅಕ್ಕ ಮಾಡಿಡುತ್ತಿದ್ದರು. ಒಳಗೆ ಇದ್ದದ್ದು ಬಫರ್. ನಾನು ಒಂದು ದಿನವೂ ಕೇಳಲಿಲ್ಲ. ಮನೆಯಲ್ಲಿ ಅದನ್ನು ಹೇಗೆ ಮಾಡುವುದು?

ಉಪ್ಪಳದಿಂದ ಬೆಂಗಳೂರಿಗೆ:
ಡೈಸೋಡಿಯಂ ಫಾಸ್ಫೇಟ್ ಲೀಟರಿಗೆ 9.5 ಗ್ರಾಂ, ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್ ಲೀಟರಿಗೆ 9.1 ಗ್ರಾಂ. ಎರಡೂ ನೀರಿನಂಶ ಇಲ್ಲದ ಪುಡಿ, ಬೇರೆ ಬೇರೆ ಬಾಟಲಿ. ಹೆಚ್ಚುಕಮ್ಮಿ ಸಮಪಾಲು ಬೆರೆಸಿದರೆ 6.8 ಬರುತ್ತದೆ. ಕಾಗದದಲ್ಲಿ ನೋಡಿಕೊಂಡೇ ಹಾಕಿ.

ಬದಿಯಡ್ಕ ಲ್ಯಾಬ್:
ಅಷ್ಟೆಲ್ಲ ತೂಗಬೇಡಿ, ನನ್ನಲ್ಲಿಗೆ ಬನ್ನಿ, ಮಾತ್ರೆ ಕೊಡುತ್ತೇನೆ. ಹಾಳಾದ ಸ್ಲೈಡ್ ಎಸೆಯಬೇಡಿ. ಬಣ್ಣ ಬಿಡುವವರೆಗೆ ಮೆಥನಾಲ್‌ನಲ್ಲಿ ಅದ್ದಿ, ಒಣಗಿಸಿ, ಮತ್ತೆ ಸ್ಟೇನ್ ಮಾಡಿ.

ಮುಳ್ಳೇರಿಯ ತೋಟ:
ಅಳಿಯ ಚೆನ್ನಾಗಿದ್ದಾನೆ ತಂಗೀ, ಶಾಲೆಗೆ ಹೋಗುತ್ತಾನೆ. ಒಂದು ವಿಷಯ ಕೇಳಬೇಕಿತ್ತು. ನ್ಯೂಟ್ರೋಫಿಲ್ ಒಂದು ತಿಂಗಳೊಳಗೆ ಬಂತು. ಆದರೂ ತುಂಬಾ ತಿಂಗಳು ಅವನನ್ನು ಜನರ ನಡುವೆ ಬಿಡಲಿಲ್ಲ. ಹಳೆಯ ಲಸಿಕೆಗಳನ್ನೂ ಮೊದಲಿಂದ ಕೊಟ್ಟರು. ಯಾಕೆ?

ಉಪ್ಪಳದಿಂದ ಬೆಂಗಳೂರಿಗೆ:
ನ್ಯೂಟ್ರೋಫಿಲ್ ಮಜ್ಜೆಯಲ್ಲೇ ತಯಾರಾಗಿ ನೇರ ರಕ್ತಕ್ಕೆ ಇಳಿಯುತ್ತದೆ. ಟಿ ಕಣ ಎಂಬ ಲಿಂಫೋಸೈಟ್ ಹಾಗಲ್ಲ. ಮಜ್ಜೆಯಿಂದ ಹೊರಟ ಎಳೆ ಕಣ ಎದೆಯೊಳಗಿನ ಥೈಮಸ್‌ಗೆ ಹೋಗಬೇಕು. ಸ್ವಂತ ದೇಹವನ್ನು ಹೊಡೆಯುವಂಥವು ಅಲ್ಲೇ ಸಾಯುತ್ತವೆ, ಉಳಿದವು ಮಾತ್ರ ಹೊರಗೆ. ಅದಕ್ಕೇ ತಡ. ಇಲಿಯಲ್ಲಿ ವಾರಗಳು, ಮನುಷ್ಯರಲ್ಲಿ ತಿಂಗಳುಗಳು, ವರ್ಷವೂ ಆಗಬಹುದು. ವಯಸ್ಸಾದ ಹಾಗೆ ಥೈಮಸ್ ಕುಗ್ಗುತ್ತದೆ. ಹಾಗಾಗಿ ದೊಡ್ಡವರಿಗೆ ಇನ್ನೂ ನಿಧಾನ. ಹಳೆಯ ಲಸಿಕೆಯ ನೆನಪು ಇಟ್ಟುಕೊಂಡ ಕಣಗಳೂ ಕಸಿಯ ಜೊತೆ ಬಹುಪಾಲು ಹೋಗಿರುತ್ತವೆ.

ಮುಳ್ಳೇರಿಯ ತೋಟ:
ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಅಕ್ಕನಿಗೆ ಓದಿ ಹೇಳುತ್ತೇನೆ.

ಪೆರ್ಲದವಳು:
ಬಂತು! ಮೂರನೇ ವಾರದ ಸ್ಲೈಡ್. ನ್ಯೂಕ್ಲಿಯಸ್ ಗಾಢ ನೇರಳೆ, ಬಳೆಗಳು ಸ್ಪಷ್ಟ. ಕೆಂಪು ಕಣಗಳ ನಡುವೆ ನೀಲಿ ಛಾಯೆಯ ಎಳೆ ಕಣಗಳು ಎಷ್ಟೊಂದು! ಇಷ್ಟು ದಿನ ಇವು ಅಲ್ಲೇ ಇದ್ದವು. ಹಾಳಾದ 14ರಲ್ಲಿ ಒಂಬತ್ತು ಉಳಿದವು. ಬದಿಯಡ್ಕದ ಅಣ್ಣ ಅಂಗಡಿ ಬಾಗಿಲು ಹಾಕಿದ ಮೇಲೂ ಕೂತು ನೋಡಿಕೊಟ್ಟರು. ಮಾಷ್ಟ್ರೆ, ನಿಮ್ಮ ಆಯಿಲ್ ಲೆನ್ಸಿನಲ್ಲಿ ಒಮ್ಮೆ ನೋಡಬಹುದಾ?

ಕುಂಬ್ಳೆ ಮಾಷ್ಟ್ರು:
ಭಾನುವಾರ ಬನ್ನಿ. ಐದನೇ ವಾರದ್ದೂ ತನ್ನಿ. ನಿಮ್ಮ ಸುರಂಗದ ನೀರು ಒಂದು ಬಾಟಲಿ ಇರಲಿ.